ಕೆಂಪಾಗದ ಲೋಹ

ಶ್ರೀನಿವಾಸಪುರದಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದೆ. ಕೋಲಾರದಲ್ಲಿ ಟೊಮೆಟೊ ಲಾರಿಗಳ ಸಾಲಿಗೆ ಸಿಕ್ಕಿ ಅರ್ಧ ಗಂಟೆ ಹಾಳಾಯಿತು. ಎರಡು ಇಡ್ಲಿ ತಿಂದು ಮಾಲೂರಿನ ಬಸ್ಸು ಹತ್ತುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಐಟಿಐಯಲ್ಲಿ ನನ್ನ ಶಿಷ್ಯನಾಗಿದ್ದ ಕ್ಯಾಲನೂರಿನ ಮುನಿರಾಜು, ಮಾಲೂರಿನ ಅಲ್ಯೂಮಿನಿಯಂ ಎರಕದ ಕಾರ್ಖಾನೆಯಲ್ಲಿ ಬಲಗೈ ಸುಟ್ಟುಕೊಂಡಿದ್ದ. ಕಾರ್ಖಾನೆಯವರು ಅದನ್ನು ಅಜಾಗರೂಕತೆ ಎಂದು ಬರೆದುಕೊಂಡರೆ ಅವನ ಕೆಲಸ ಹೋಗುತ್ತಿತ್ತು. "ನೀವೊಂದು ಮಾತು ಹೇಳಿ ಸಾರ್" ಎಂದು ಫೋನು ಮಾಡಿದ್ದ.

ಗೇಟಿನ ಬಳಿ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕಾಯುತ್ತಿದ್ದ.

"ಆಗ್ಲೇ ಅಚ್ಚಿಂದ ತೆಗ್ದಿದ್ದ ಪೀಸು ಸಾರ್. ಬೆಳ್ಳಗೆ, ತಣ್ಣಗಿದ್ದಂಗೇ ಕಾಣ್ತಿತ್ತು. ಕೆಂಪಗಿಲ್ವಲ್ಲ ಅಂತ ಬರಿಗೈಲಿ ಹಿಡ್ಕೊಂಬಿಟ್ಟೆ."

ನನಗೆ ಮೈಯೆಲ್ಲ ಉರಿಯಿತು. "ಕೆಂಪಗಿದ್ರೆ ಮುಟ್ಬೇಡ್ರೋ" ಎಂದು ಇಪ್ಪತ್ತು ವರ್ಷ ಕಬ್ಬಿಣದ ಪಾಠ ಹೇಳಿದವನು ನಾನೇ. ಅಲ್ಯೂಮಿನಿಯಂ ಕರಗಿ ನೀರಾದರೂ ಬೆಳ್ಳಗೇ ಇರುತ್ತದೆಂದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಇಲ್ಲವೆಂಬ ಕಾರಣಕ್ಕೆ ಹುಡುಗರಿಗೆ ಹೇಳಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಒಳಗೆ ಆಫೀಸಿನಲ್ಲಿ ಮ್ಯಾನೇಜರು ಕಾಫಿ ತರಿಸಿದರು. ಕಪಾಟಿನಲ್ಲಿ ಕಿಟಕಿಯ ಚೌಕಟ್ಟು, ಕರೆಂಟಿನ ತಂತಿ, ಬೈಕಿನ ಇಂಜಿನ್ ಕವಚ ಜೋಡಿಸಿಟ್ಟಿದ್ದರು. ಕವಚವನ್ನು ನನ್ನ ಕೈಗೇ ಕೊಟ್ಟರು.

"ಕಬ್ಬಿಣದ ಮೂರ್ನೇ ಒಂದು ಪಾಲು ತೂಕ ಸಾರ್. ತುಕ್ಕು ಹಿಡಿಯಲ್ಲ, ಶಾಖ ಬೇಗ ಬಿಟ್ಕೊಡುತ್ತೆ. ಕಾರಿಗೂ ಇದೇ, ವಿಮಾನಕ್ಕೂ ಇದೇ."

ಮುನಿರಾಜುವಿನ ಕೈ ಎಷ್ಟು ತೂಕವೆಂದು ಕೇಳಬೇಕೆನಿಸಿತು. ಅದರ ಬದಲು ಹಾಳೆ ಬೇಡಿ ಬರೆದೆ: ಈ ಲೋಹದ ಬಗ್ಗೆ ಇವನಿಗೆ ನಾನು ಏನೂ ಕಲಿಸಿಲ್ಲ, ತಪ್ಪು ನನ್ನದು. ಕೆಳಗೆ ಸಹಿ ಹಾಕಿದೆ.

ಮ್ಯಾನೇಜರು ಎರಡು ಸಲ ಓದಿದರು. "ಥ್ಯಾಂಕ್ಸ್ ಸಾರ್. ತರಬೇತಿ ಇಲ್ದೋರನ್ನ ಕುಲುಮೆ ಹತ್ರ ಇಟ್ಕೊಳ್ಳೋ ಹಂಗಿಲ್ಲ, ರೂಲ್ಸು. ನಾಳೆಯಿಂದ ಅವನು ಬರೋದು ಬೇಡ" ಎಂದು ಹಾಳೆಯನ್ನು ಫೈಲಿಗೆ ಸೇರಿಸಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಎಷ್ಟು ಬೇಡಿಕೊಂಡರೂ ಹಾಳೆ ವಾಪಸು ಬರಲಿಲ್ಲ.

ಮುನಿರಾಜು ಬಸ್‌ಸ್ಟ್ಯಾಂಡಿನವರೆಗೂ ಬಂದ. ನಾನು ಬರೆದುಕೊಟ್ಟದ್ದನ್ನೂ ಮ್ಯಾನೇಜರು ಹೇಳಿದ್ದನ್ನೂ ದಾರಿಯಲ್ಲಿ ಅವನಿಗೆ ಹೇಳಿದೆ. ಕೋಲಾರದ ಬಸ್ಸು ಬಂದಾಗಲೇ ಬಾಯಿಬಿಟ್ಟ.

"ಕೆಲ್ಸ ಹೋದ್ರೆ ಹೋಗ್ಲಿ ಸಾರ್. ಏನೂ ಕಲಿಸಿಲ್ಲ ಅಂತ ಬರೀಬಾರ್ದಿತ್ತು ನೀವು. ನಾನು ಎಲ್ರ ಹತ್ರಾನೂ ನಿಮ್ಮ ಹೆಸ್ರೇ ಹೇಳ್ಕೊಂಡು ತಿರುಗ್ತಿದ್ದೆ."

ಬಸ್ಸು ಹೊರಟಿತು. ಹಿಂದಿನ ಕಿಟಕಿಯಿಂದ ತಿರುಗಿ ನೋಡಿದೆ. ನನಗೆ ಕೈಮುಗಿಯಲು ಹೋದವನು, ಮುಗಿಯಲಾಗದೆ, ಎಡಗೈಯೊಂದನ್ನೇ ಎದೆಗಿಟ್ಟುಕೊಂಡು ನಿಂತಿದ್ದ.