ಹಿಟ್ಟು ಕಲಸಿದ ಕೈ

ಅಷ್ಟಮಿಯ ಮೂಡೆಗೆ, ಅಂದರೆ ಎಲೆಯಲ್ಲಿ ಬೇಯಿಸುವ ಇಡ್ಲಿಗೆ, ಬೇಕಾದ ಕೊಟ್ಟೆಗಳನ್ನು ಈಗ ನಾನು ಪೇಟೆಯಿಂದಲೇ ತರುತ್ತೇನೆ. ಕೇದಗೆ ಎಲೆಯ ಮುಳ್ಳು ತೆಗೆದು, ಬಾಡಿಸಿ, ಸುತ್ತಿ ಕೊಡುವವರಿರುವಾಗ ನಾನೇಕೆ ಬೆರಳು ಗೀರಿಕೊಳ್ಳಲಿ? ಹಿಟ್ಟು ಮಾತ್ರ ಮನೆಯದ್ದು. ಇವತ್ತು ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದದ್ದೇ ಆ ಹುಳಿ ಪರಿಮಳ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದರಿಂದ ಹಸಿವಾಗುತ್ತದೆ. ನನಗೆ ಇಷ್ಟು ವರ್ಷಗಳ ಮೇಲೂ ಎದೆ ಧಸಕ್ಕೆನ್ನುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ. ನಡುವೆ ಇಲಿಗಳ ವಿಷಯವೂ ಬರುತ್ತದೆ, ಬೇಸರಿಸಬಾರದು.

ಎಂಬತ್ತರ ದಶಕದ ನಡುವಿನ ಮಾತು. ಕೊಡಿಯಾಲ್‌ಬೈಲಿನ ಒಂದು ಪ್ರಯೋಗಾಲಯದಲ್ಲಿ ನಾನು ವಾರಿಜಾ ಮೇಡಂ ಅವರ ಸಹಾಯಕಿ. ಇಲಿಯ ಜೀವಕೋಶಗಳನ್ನು ಗಾಜಿನ ಬಾಟಲಿಗಳಲ್ಲಿ ಬೆಳೆಸುವುದು ನನ್ನ ಕೆಲಸ. ಕುದ್ರೋಳಿಯ ನಮ್ಮ ನೆರೆಹೊರೆಯವರ ಬಾಯಲ್ಲಿ ಅದು ‘ಇಲಿ ಸಾಕುವುದು’ ಎಂದಾಗಿತ್ತು. ನಾಲ್ಕು ವರ್ಷ ಕಾಲೇಜಿಗೆ ಹೋಗಿ ಇಲಿ ಸಾಕುವುದೇ ಎಂದು ಕೇಳಿದವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೆ.

ಮುಪ್ಪು ಯಾಕೆ ಬರುತ್ತದೆ ಎಂಬುದು ಮೇಡಂ ಅವರ ಪ್ರಶ್ನೆ. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಕೋಶಕ್ಕೆ ಬೇಕಾದ ಶಕ್ತಿ ತಯಾರಾಗುವುದು ಅಲ್ಲಿ. ಆ ಒಲೆಗಳಿಗೆ ತಮ್ಮದೇ ಆದ ಡಿಎನ್‌ಎ ಇದೆ. ಕೋಶಕ್ಕೆ ವಯಸ್ಸಾದಂತೆ ಆ ಡಿಎನ್‌ಎ ಕೂಡ ಕೆಡುತ್ತಾ ಹೋಗುತ್ತದೆಯೇ? ತಿಳಿಯಬೇಕಾದರೆ ಎಳೆಯ ಕೋಶಗಳನ್ನೂ ಮುದಿ ಕೋಶಗಳನ್ನೂ ಹೋಲಿಸಬೇಕು. ಮುದಿ ಕೋಶಗಳು ಕೊಂಡರೆ ಸಿಗುವ ವಸ್ತುವಲ್ಲ. ಒಂದು ಬಾಟಲಿ ತುಂಬಿದಾಗ ಇನ್ನೊಂದಕ್ಕೆ ಹಂಚುತ್ತಾ, ಅವು ಸುಸ್ತಾಗಿ ಬೆಳೆಯುವುದನ್ನು ನಿಲ್ಲಿಸುವವರೆಗೆ ವಾರಗಟ್ಟಲೆ ಕಾಯಬೇಕು. ಹಿಂದಿನ ಎರಡು ಪ್ರಯತ್ನಗಳು ಕರೆಂಟು ಹೋಗಿ ಹಾಳಾಗಿದ್ದವು. ಮೂರನೆಯದು ನಡೆಯುತ್ತಿದ್ದ ವರ್ಷ, ಅಷ್ಟಮಿಯ ಹೊತ್ತಿಗೆ, ಮೇಡಂ ಅವರ ನಿವೃತ್ತಿಗೆ ಉಳಿದದ್ದು ಐದೇ ತಿಂಗಳು.

“ಇವುಗಳಿಗಿಂತ ಮೊದಲು ನಾನೇ ರಿಟೈರ್ ಆಗಬಾರದಲ್ಲ ಮಾರಾಯ್ತಿ,” ಎನ್ನುತ್ತಿದ್ದರು.

ಶಿಸ್ತೆಂದರೆ ಶಿಸ್ತು. ಆಗ ನಮ್ಮಲ್ಲಿ ದಿನಕ್ಕೊಂದು ಕೈಗವಸು ಹರಿದೆಸೆಯುವ ಸಿರಿವಂತಿಕೆ ಇರಲಿಲ್ಲ. ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಚ್ಚಿ, ಸ್ಪಿರಿಟ್ ಸವರಿಕೊಂಡು ಕೂರುವುದು. ಜೊತೆಗೆ ಮೊದಲ ದಿನವೇ ಹೇಳಿದ ಒಂದು ನಿಯಮ: ಹುಳಿ ಬಂದ ಹಿಟ್ಟಿಗೆ ಕೈ ಹಾಕಬಾರದು, ಅದರ ಸೂಕ್ಷ್ಮಜೀವಿಗಳು ಕೈಗಂಟಿ ಬಂದು ಕೋಶಗಳನ್ನು ಕೆಡಿಸುತ್ತವೆ.

ಆದರೆ ನಮ್ಮ ಮನೆಯಲ್ಲಿ ಹಿಟ್ಟು ಕಲಸುವವಳು ನಾನು. ಅಮ್ಮನ ಬೆರಳ ಗಂಟುಗಳು ಊದಿಕೊಂಡಿದ್ದವು. ಸೌಟಿನಿಂದ ಕಲಸಿದರೆ ಹಿಟ್ಟು ಉಬ್ಬುವುದಿಲ್ಲ, ಕೈಯಿಂದಲೇ ಆಗಬೇಕು ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. “ನಿನ್ನ ಕೈಗುಣ ಒಳ್ಳೆಯದುಂಟು,” ಎಂದು ಹೊಗಳುತ್ತಿದ್ದಳು. ಹೊಗಳಿಕೆಗೆ ನಾನು ಸುಲಭವಾಗಿ ಬೀಳುತ್ತೇನೆ. ಕೆಲಸ ಸಿಕ್ಕಿದ ಮೇಲೆ ಸಂಜೆ ಆಗಷ್ಟೇ ಅರೆದ ಹಿಟ್ಟನ್ನು ಮಾತ್ರ ಕಲಸಿ, ಬೆಳಿಗ್ಗೆ ಹುಳಿ ಬಂದದ್ದನ್ನು ಮುಟ್ಟದೆ ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ, ಆ ವರ್ಷದ ಅಷ್ಟಮಿಗೆ ಆಗಲಿಲ್ಲ. ಇಪ್ಪತ್ತು ಜನರ ಮೂಡೆಗೆ ಹಿಟ್ಟು ಕಲಸಿದೆ, ಮರುದಿನ ಬೆಳಿಗ್ಗೆ ಉಬ್ಬಿದ ಹಿಟ್ಟನ್ನು ಕೊಟ್ಟೆಗಳಿಗೆ ತುಂಬಿದೆ, ಕೈ ತೊಳೆದು ಬಸ್ಸಿಗೆ ಓಡಿದೆ. ಕೋಶಗಳಿಗೆ ಹಬ್ಬದ ರಜೆಯಿಲ್ಲ.

ಎರಡು ದಿನ ಬಿಟ್ಟು ನೋಡಿದರೆ ಬಾಟಲಿಗಳಲ್ಲಿ ತಿಳಿಗುಲಾಬಿ ಬಣ್ಣದ ದ್ರವ ಕದಡಿ ಹಳದಿಯಾಗಿತ್ತು. ಹನ್ನೊಂದು ವಾರಗಳ ಕೋಶಗಳು. ಒಂದರ ಮುಚ್ಚಳ ತೆಗೆದು ಮೂಸಿದೆ. ನಮ್ಮ ಅಡುಗೆಮನೆಯದೇ ವಾಸನೆ!

ನಾನು ಬಾಯಿ ಬಿಡಲಿಲ್ಲ. ಮೇಡಂ ನೀರು ಪರೀಕ್ಷಿಸಿದರು, ಗಾಳಿ ಪರೀಕ್ಷಿಸಿದರು, ಬಾಟಲಿಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಕಳಚಿ ಒರೆಸಿದರು. ಪಾಪ, ಕಪಾಟಿನ ಮೇಲಿನ ಧೂಳಿಗೂ ಬೈದರು. ನಾಲ್ಕನೆಯ ದಿನ, “ನಾಳೆ ಎಲ್ಲರ ಬೆರಳನ್ನೂ ತಟ್ಟೆಗೆ ಒತ್ತಿಸಿ ನೋಡುವ, ಎಂತ ಬೆಳೆಯುತ್ತದೆ ಅಂತ,” ಎಂದರು.

“ಬೇಡ ಮೇಡಂ. ನಾನೇ. ಮೂಡೆಯ ಹಿಟ್ಟು,” ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಅವರು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕೆಳಗಿಟ್ಟರು. “ಹಿಟ್ಟು ಕಲಸಿದ್ದಕ್ಕೆ ನಾನು ಬೈಯುವುದಿಲ್ಲ. ನಾಲ್ಕು ದಿನ ಸುಮ್ಮನೆ ಕೂತದ್ದಕ್ಕೆ ಬೈಯಬೇಕು. ಬೈಯಲಿಕ್ಕೆ ಈಗ ಟೈಮಿಲ್ಲ. ಚಪ್ಪಲಿ ಹಾಕು.”

ಹೋದದ್ದು ಪಶು ಆಸ್ಪತ್ರೆಗೆ. ನೀವು ನಂಬಲಿಕ್ಕಿಲ್ಲ, ಕೋಶಗಳನ್ನು ಹೆಪ್ಪುಗಟ್ಟಿಸಿ ಇಡುವ ದ್ರವ ಸಾರಜನಕ ನಮಗೆ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಜರ್ಸಿ ಹೋರಿಗಳ ವೀರ್ಯ ಕಾಪಾಡುವ ಕ್ಯಾನಿನ ಮೂಲೆಯಲ್ಲಿ ಮೇಡಂ ನಾಲ್ಕನೇ ವಾರದ ಕೋಶಗಳ ಒಂದು ಸೀಸೆಯನ್ನು ಇಡಿಸಿದ್ದರು. ಕಂಪೌಂಡರ್ ಅದನ್ನು ಎತ್ತಿ ಕೊಡುತ್ತಾ, “ಇದರಿಂದ ಕರು ಹುಟ್ಟಿದರೆ ನಮಗೂ ಹೇಳಿ ಮೇಡಂ,” ಎಂದ. ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ಇರುವುದು ಇದೊಂದೇ ಸೀಸೆ, ಇದು ಹೋದರೆ ಮುಗಿಯಿತು.

ಆ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಮೈಟೊಕಾಂಡ್ರಿಯ ಅವಳಿಗೆ ಬೇಕಿರಲಿಲ್ಲ. “ಎಷ್ಟು ಸಮಯ?” ಎಂದಷ್ಟೇ ಕೇಳಿದಳು. ನಾಲ್ಕು ತಿಂಗಳು ಎಂದೆ. “ಅಷ್ಟು ದಿನ ನೀನು ಅಡುಗೆಮನೆ ಕಡೆ ಬರಬೇಡ.” ಮರುದಿನದಿಂದ ಅವಳೇ ಕಲಸಿದಳು. ದೋಸೆ ಯಾವತ್ತಿನಂತೆಯೇ ಬರುತ್ತಿತ್ತು. ತಟ್ಟೆಗೆ ಬಂದ ದೋಸೆ ತಿಂದು ನಾನು ಹೊರಡುತ್ತಿದ್ದೆ. ಅಮ್ಮನ ಕೈ ಹೇಗಿದೆ ಎಂದು ಒಂದು ದಿನವೂ ಕೇಳಲಿಲ್ಲ. ಬಾಟಲಿಗಳ ಚಿಂತೆಯಲ್ಲೇ ಮುಳುಗಿದ್ದೆ.

ಆ ಸಲ ಕೋಶಗಳು ಮುದಿಯಾದವು. ಎಳೆಯವುಗಳಲ್ಲಿ ಇಲ್ಲದ ಒಂದು ಮಸುಕು ಗೆರೆ ಮುದಿ ಕೋಶಗಳ ಡಿಎನ್‌ಎ ಚಿತ್ರದಲ್ಲಿ ಕಂಡಿತು, ಬಹುಶಃ ಕೆಟ್ಟ ಡಿಎನ್‌ಎಯ ಗುರುತು. ಅದೊಂದರಿಂದ ಏನನ್ನೂ ಖಚಿತವಾಗಿ ಹೇಳುವಂತಿಲ್ಲ ಎಂದು ಮೇಡಂ ಹತ್ತು ಸಲ ಹೇಳಿದರು, ಹನ್ನೊಂದನೆಯ ಸಲ ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ನಿವೃತ್ತಿಗೆ ಆರು ದಿನ ಮೊದಲು ಲೇಖನ ಅಂಚೆಗೆ ಹೋಯಿತು. ಕೊನೆಯಲ್ಲಿ ಕೃತಜ್ಞತೆಗಳನ್ನು ಟೈಪ್ ಮಾಡಿದವಳು ನಾನೇ. ಪಶುವೈದ್ಯರ ಹೆಸರಿತ್ತು, ಕಂಪೌಂಡರನದ್ದೂ ಇತ್ತು.

ಅಂದಿನಿಂದ ಇಂದಿನವರೆಗೆ ನಾನು ಹಿಟ್ಟು ಕಲಸಿದ್ದು ಸೌಟಿನಲ್ಲೇ. ಕೆಲಸ ಬಿಟ್ಟು ವರ್ಷಗಳಾದರೂ ಕೈ ಹಿಂಜರಿಯುತ್ತಿತ್ತು. ಇವತ್ತು ಸೌಟನ್ನು ಬದಿಗಿಟ್ಟು, ನಾಳೆಯ ದೋಸೆಗೆ ಅರೆದ ಹಿಟ್ಟಿಗೆ ಮಣಿಕಟ್ಟಿನವರೆಗೆ ಕೈ ಇಳಿಸಿದೆ. ಈಗ ನನ್ನ ಬೆರಳ ಗಂಟುಗಳೂ ಊದಿಕೊಂಡಿವೆ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ನೋವು ಮೊಣಕೈಗೆ ಏರಿತು. ನಾಲ್ಕು ತಿಂಗಳು, ದಿನವೂ ಇಷ್ಟು ನೋವು! ಪಾತ್ರೆಯ ತಳದವರೆಗೆ ಕಲಸಿಯೇ ಕೈ ತೆಗೆದೆ. ಆ ಕೃತಜ್ಞತೆಗಳ ಪುಟದಲ್ಲಿ ಅಮ್ಮನ ಹೆಸರು ಇರಬೇಕಿತ್ತು.