ನಿಂತು ನಿಂತು ನಡೆದ ಪುರಿಯಜ್ಜಿ

ಮೊನ್ನೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಿಸಿ ಕಡ್ಲೆಪುರಿಯ ಮೂಟೆ ಬಿಚ್ಚಿದರು. ಕಾದ ಮರಳಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಳಬಾಗಿಲಿನ ನಮ್ಮ ಎದುರುಮನೆಯ ಪುರಿಯಜ್ಜಿ ನೆನಪಾದರು…

ಎಂಬತ್ತರ ದಶಕ. ನಾನು ಆ ಬೀದಿಗೆ ಸೊಸೆಯಾಗಿ ಬಂದ ಹೊಸತು. ಅಷ್ಟು ಹೊತ್ತಿಗಾಗಲೇ ಪುರಿ ಹುರಿಯುವ ಭಟ್ಟಿಯ ಹೊಗೆ ಅಜ್ಜಿಯ ಎದೆಯನ್ನು ತಿಂದುಹಾಕಿತ್ತು. ಉಸಿರು ಕುಲುಮೆಯ ಹಳೇ ತಿದಿಯ ಹಾಗೆ ಸುಯ್ಯೆನ್ನುತ್ತಿತ್ತು. ಆದರೂ ವಾರವಾರ ಮೂಟೆಯನ್ನು ಮಗನ ಸೈಕಲ್ಲಿಗೆ ಹೇರಿಸಿ, ತಾವು ಹಿಂದೆ ನಡೆದು ಸಂತೆಗೆ ಹೋಗಲೇಬೇಕು. ಮಗನಿಗೆ ಅದನ್ನು ನಿಲ್ಲಿಸಬೇಕಿತ್ತು. ಡಾಕ್ಟರ ಬಾಯಲ್ಲೇ ಹೇಳಿಸುತ್ತೇನೆಂದು ಕೋಲಾರಕ್ಕೆ ಹೊರಡಿಸಿದ. ಹೆಂಗಸೊಬ್ಬಳು ಜೊತೆಗಿರಲಿ ಎಂದು ನಾನೂ ಹೋದೆ.

ಡಾಕ್ಟರು ಎದೆ ಪರೀಕ್ಷೆ ಮಾಡಿ ಕುರ್ಚಿ ತೋರಿಸಿದರು. ಕೈ ಊರದೆ ಕೂತು ಏಳಬೇಕು. ಅಜ್ಜಿ ಅಲ್ಲಾಡಲಿಲ್ಲ.

"ನೋಡಿ ಸಾರ್, ಕೂರೋಕೂ ಆಗಲ್ಲ," ಎಂದ ಮಗ.

"ಪೋರಾ! ದೊಡ್ಡೋರು ನಿಂತಿರ್ವಾಗ ನಾನ್ ಕುರ್ಚಿ ಮೇಲೆ ಹೆಂಗ್ಲಾ ಕೂರೋದು?"

ಡಾಕ್ಟರು ನಕ್ಕು ತಾವೊಂದು ಸ್ಟೂಲು ಎಳೆದುಕೊಂಡು ಕೂತರು. ಆಗ ಅಜ್ಜಿ ಕೈಕಟ್ಟಿ ಕೂತರು, ಎದ್ದರು, ಕೂತರು… ಸಾಕು ಎಂದ ಮೇಲೂ ಮಗನ ಮುಖ ನೋಡಿಕೊಂಡೇ ಇನ್ನೊಂದು ಸಲ ಎದ್ದರು.

ಆಮೇಲೆ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡಿಗೆ. ಡಾಕ್ಟರ ಕಣ್ಣು ಗಡಿಯಾರದ ಮೇಲೆ. ಅರ್ಧದಲ್ಲಿ ಅಜ್ಜಿ ಕಿಟಕಿಯ ಸರಳು ಹಿಡಿದು ನಿಂತುಬಿಟ್ಟರು. ಮಗ ಓಡಿದ. "ಮುಟ್ಬೇಡ!" ಅಂದರು. ಒಲೆ ಊದುವ ಹಾಗೆ ತುಟಿ ಮುಂದೆ ಮಾಡಿ, ನಿಧಾನಕ್ಕೆ ಉಸಿರು ಬಿಟ್ಟು, ಮತ್ತೆ ಹೊರಟರು.

"ಮಧ್ಯದಲ್ಲಿ ನಿಂತ್ಬಿಟ್ಳಲ್ಲ ಸಾರ್, ಫೇಲ್ ಅಲ್ವಾ?"

"ನಿಲ್ಲಬಹುದು ಕಣಪ್ಪ. ನಿಂತು ನಿಂತು ನಡೆದ್ರೂ ಲೆಕ್ಕಕ್ಕಿದೆ. ಹೊಗೆ ಹತ್ರ ಕೂರಿಸ್ಬೇಡ. ನಡೆಯೋದನ್ನ ಮಾತ್ರ ಬಿಡಿಸ್ಬೇಡ."

ಅಂದಿನಿಂದ ಭಟ್ಟಿ ಮಗನದು, ಸಂತೆ ಅಜ್ಜಿಯದು. ಸಂತೆ ದಾರಿಯ ಹುಣಸೆಮರಕ್ಕೆ ಕೈ ಊರಿ ನಿಲ್ಲುತ್ತಿದ್ದರು. ಯಾರಾದರೂ "ಯಾಕಜ್ಜೀ, ಆಗಲ್ವಾ?" ಎಂದರೆ ಮುಗಿಯಿತು.

"ನಿಂತ್ರೂ ಲೆಕ್ಕಕ್ಕೈತೆ ಅಂತ ಡಾಕ್ಟ್ರೇ ಹೇಳವ್ರೆ. ನೀನ್ ಮುಂದೆ ನಡಿ, ಬರ್ತೀನಿ!"

ಒಂದು ಚಳಿಗಾಲದಲ್ಲಿ ಎದುರುಮನೆಯ ಆ ಸುಯ್ಯೆನ್ನುವ ಸದ್ದು ನಿಂತಿತು. ಅದರ ಹಿಂದಿನ ಸಂತೆಗೂ ಹೋಗಿ, ಮೂಟೆ ಖಾಲಿ ಮಾಡಿಕೊಂಡೇ ಬಂದಿದ್ದರು.

ಈಗ ಭಟ್ಟಿಯಿದ್ದ ಜಾಗದಲ್ಲಿ ಟೈರ್ ಅಂಗಡಿ ಬಂದಿದೆ. ಹುಣಸೆಮರವೂ ಇಲ್ಲ. ಸುಸ್ತಾಗದಿದ್ದರೂ ಆ ಮರವಿದ್ದ ಜಾಗಕ್ಕೆ ಬಂದಾಗ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಯಾರಾದರೂ ಕೇಳಲಿ ಎಂದು ಅಜ್ಜಿಯ ಉತ್ತರ ಬಾಯಲ್ಲೇ ಇಟ್ಟುಕೊಂಡಿರುತ್ತೇನೆ. ಇದುವರೆಗೂ ಯಾರೂ ಕೇಳಿಲ್ಲ…