ಬಹುಮಾನಕ್ಕೆ ಮುಂಚಿನ ಎರಡು ಬಿಸಿಲು

ಕಣದಕ್ಕನ ಮುಂದಿನ ಎರಡು ಹಲ್ಲುಗಳು ಅರ್ಧಕ್ಕೆ ಸವೆದಿದ್ದವು. ಎಲೆಅಡಿಕೆಯ ಫಲವೆಂದು ಕೂಲಿಗಳ ಲೈನುಮನೆಯವರು ಹೇಳುತ್ತಿದ್ದರು. ಕಣದಕ್ಕ ಎಲೆಅಡಿಕೆ ಮುಟ್ಟಿದವರೇ ಅಲ್ಲ. ಮೂವತ್ತು ವರ್ಷ ಕಾಫಿಬೀಜ ಕಚ್ಚಿ ಸವೆದ ಹಲ್ಲುಗಳವು.

ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿ ಹಾಜರಿ ಬರೆಯುತ್ತಿದ್ದೆ. ತೊಳೆದ ಕಾಫಿ ಒಣಗಲು ಕಣಕ್ಕೆ ಬಿದ್ದಲ್ಲಿಂದ ಮೂಟೆ ಸೇರುವವರೆಗೆ ಅದರ ವಿಷಯದಲ್ಲಿ ಕೊನೆಯ ಮಾತು ಕಣದಕ್ಕನದು. ರಾಶಿಯ ನಡುವಿನಿಂದ ಒಂದು ಬೀಜ ತೆಗೆದು, ಸಿಪ್ಪೆ ಬಿಡಿಸಿ, ಕಚ್ಚಿ, ಕಣ್ಣು ಮುಚ್ಚಿ ನಿಲ್ಲುವರು. ಹಲ್ಲು ಮೆತ್ತಗೆ ಇಳಿದರೆ ಬೀಜ ಇನ್ನೂ ಹಸಿ. ಒಣಗಿದ ಬೀಜ ಸದ್ದು ಮಾಡುತ್ತದೆ. "ಇದಿನ್ನೂ ಮಾತಾಡ್ತಿಲ್ಲ ರೈಟ್ರೇ" ಎನ್ನುತ್ತಿದ್ದರು.

ಒಂದು ವರ್ಷ ತೋಟದ ಸಾವುಕಾರರು ತೇವ ಅಳೆಯುವ ಮೀಟರ್ ತಂದರು. ಕಾಫಿ ಗುಣಮಟ್ಟದ ಸ್ಪರ್ಧೆಗೆಂದು ತೆಗೆದಿರಿಸಿದ್ದ ಕಾಫಿ ಒಣಗಿದೆ ಎಂದು ಮೀಟರ್ ತೋರಿಸಿತು. ಮೂಟೆ ಕಟ್ಟಲು ಅಪ್ಪಣೆಯಾಯಿತು. ಕಣದಕ್ಕ ಒಂದು ಬೀಜ ಕಚ್ಚಿ ನೋಡಿ, ರಾಶಿಯ ಮುಂದೆ ಕುಳಿತುಬಿಟ್ಟರು.

"ಆ ಮೀಟ್ರಿಗೆ ಹಲ್ಲಿಲ್ಲ ಸಾವ್ಕಾರ್ರೇ. ಇನ್ನೆರಡು ಬಿಸ್ಲು ತಿನ್ಲಿ. ಕೆಟ್ಟೋದ್ರೆ ನನ್ನೇ ಕಣದಿಂದ ಇಳ್ಸಿ."

ಸಾವುಕಾರರು ಗೊಣಗುತ್ತಲೇ ಒಪ್ಪಿದರು. ಆ ಕಾಫಿಗೆ ಮೊದಲ ಬಹುಮಾನ ಬಂತು.

ಬಂದದ್ದೇ ತಡ, ಕಾರುಗಳಲ್ಲಿ ಅತಿಥಿಗಳು ತೋಟ ನೋಡಲು ಬರತೊಡಗಿದರು. ಕಣದಕ್ಕ ಬೀಜ ಬಾಯಿಗಿಟ್ಟದ್ದನ್ನು ಕಂಡ ಒಬ್ಬರು ಮೂಗು ಮುರಿದರು. ಎಂಜಲು ಎಂಬ ಮಾತು ಹುಟ್ಟಿತು. ಮರುದಿನವೇ ಸಾವುಕಾರರು ಕಣದಕ್ಕನನ್ನು ಕಣದಿಂದ ತೆಗೆದು ಕಳೆ ಕೊಚ್ಚಲು ಕಳುಹಿಸಿದರು. ಹಾಜರಿಗೆ ಬಂದಾಗ ಅವರು ನಕ್ಕರು.

"ಕೆಟ್ರೆ ಇಳ್ಸಿ ಅಂದಿದ್ದೆ. ಗೆದ್ದಿದ್ದುಕ್ಕೆ ಇಳ್ಸಿದ್ರಲ್ಲ ರೈಟ್ರೇ."

ಬಹುಮಾನದ ಕಪ್ ಸಾವುಕಾರರ ಪಡಸಾಲೆಯಲ್ಲಿದೆ. ಅದಕ್ಕೆ ದಿನವೂ ಹೂ ಇಡುತ್ತಾರೆ. ಆಧುನಿಕ ಉಪಕರಣದ ನೆರವಿನಿಂದ ಪಡೆದ ಗೌರವವೆಂದು ಪಕ್ಕದ ಫಲಕ ಹೇಳುತ್ತದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡವನು ನಾನು. ಅಚ್ಚಾದ ಮಾತನ್ನು ಸಂಶಯದಿಂದಲೇ ನೋಡುತ್ತೇನೆ. ಕಳೆದ ವರ್ಷ ಕಣದಕ್ಕ ತೀರಿಕೊಂಡಾಗ, ಪ್ರಶಸ್ತಿ ಬಂದ ತೋಟದಲ್ಲಿ ದುಡಿದ ಪುಣ್ಯವಂತೆ ಎಂದು ಸಾವುಕಾರರು ಹೆಣದೆದುರು ಹೇಳಿದರು. ಸುತ್ತಲಿದ್ದವರು ತಲೆದೂಗಿದರು.

ಆದರೆ ಫಲಕದ ಸುಳ್ಳಿಗೆ ಮೂಲ ನನ್ನ ಕೈಬರಹ. ಸ್ಪರ್ಧೆಯ ಅರ್ಜಿ ತುಂಬಿದವನು ನಾನು. ಒಣಗಿದ್ದನ್ನು ಪರೀಕ್ಷಿಸಿದ ಬಗೆ ಎಂಬಲ್ಲಿ ಮೊದಲು ಕಣದಕ್ಕನ ಹೆಸರನ್ನೇ ಬರೆದಿದ್ದೆ. ಸಾವುಕಾರರು ಅದನ್ನು ಹೊಡೆದುಹಾಕಿ, ಮೀಟರ್ ಎಂದು ಬರೆಯಲು ಹೇಳಿದರು. ಎದುರಾಡದೆ ಶುದ್ಧಪ್ರತಿ ಮಾಡಿಕೊಟ್ಟೆ.

ಬಹುಮಾನದ ಸುದ್ದಿ ಬಂದ ದಿನ ಕಣದಕ್ಕ ಆಫೀಸಿನ ಬಾಗಿಲಿಗೆ ಬಂದು, ಸ್ಪರ್ಧೆಗೆ ಕಳಿಸಿದ ಕಾಗದದಲ್ಲಿ ತಮ್ಮ ಹೆಸರೇನಾದರೂ ಉಂಟೋ ಎಂದು ಕೇಳಿದರು. ಉಂಟು ಎಂದೆ.

"ಎಲ್ಲಿ, ತೋರ್ಸಿ ರೈಟ್ರೇ."

ಅವರಿಗೆ ಓದು ಬಾರದು. ಅರ್ಜಿಯ ಪ್ರತಿ ತೆಗೆದು, ಮೀಟರ್ ಎಂಬ ಪದದ ಮೇಲೆ ಬೆರಳಿಟ್ಟೆ. ಕಣದಕ್ಕ ಸೆರಗಿಗೆ ಕೈ ಒರೆಸಿಕೊಂಡು, ಆ ಪದವನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡರು.